ತಝ್ಕಿಯಾ ಬರೆದುಕೊಡುವ ಹಿರಿಯರಿಗೆ

ಮಾನ್ಯ ಉಲಮಾಗಳಿಗೆ, ಹಾಗೆಯೇ ಅವರ ಪತ್ರಗಳನ್ನು ಜೇಬಿನಲ್ಲಿಟ್ಟುಕೊಂಡು ಓಡಾಡುವ ನನ್ನಂಥ ಜನಸಾಮಾನ್ಯರಿಗೆ,

ಅಸ್ಸಲಾಮು ಅಲೈಕುಮ್.

ನಾನು ಮದ್ರಸಾದಲ್ಲಿ ಕಲಿತು ಸನದು ಪಡೆದವನಲ್ಲ. ಕುರ್‌ಆನ್ ಓದಲು ಬರುತ್ತದೆ, ಅರ್ಥಕ್ಕೆ ಇನ್ನೊಬ್ಬರನ್ನು ಕೇಳಬೇಕು. ಹಾಗಾಗಿ ಈ ಪತ್ರವನ್ನು ಬದಿಗೆ ಸರಿಸಲು ತಮಗೆ ಒಂದೇ ಮಾತು ಸಾಕು: "ಇವನಿಗೆ ಯಾರ ತಝ್ಕಿಯಾ ಇದೆ?" ಅಂದರೆ, ಇವನು ನಂಬಿಕಸ್ಥನೆಂದು ಯಾವ ವಿದ್ವಾಂಸರು ಬರೆದುಕೊಟ್ಟಿದ್ದಾರೆ? ಯಾರದ್ದೂ ಇಲ್ಲ. ಆ ಪ್ರಶ್ನೆಯ ಬಗ್ಗೆಯೇ ತಮ್ಮೊಡನೆ ನಾಲ್ಕು ಮಾತಾಡಬೇಕೆಂದು ಬರೆಯುತ್ತಿದ್ದೇನೆ.

ಮೊದಲೆಲ್ಲ ಹೊಸಬರೊಬ್ಬರು ಪಾಠ ಹೇಳಲು ಬಂದರೆ ಜನ ಅವರ ಮುಂದೆ ಕೂತು ಕೇಳುತ್ತಿದ್ದರು, ನಡೆನುಡಿ ನೋಡುತ್ತಿದ್ದರು, ನಿಧಾನಕ್ಕೆ ಒಂದು ಅಭಿಪ್ರಾಯಕ್ಕೆ ಬರುತ್ತಿದ್ದರು. ಈಗ ಕೂರುವ ಮೊದಲೇ ಶಿಫಾರಸು ಕೇಳುತ್ತೇವೆ. ಯಾವ ಶೈಖ್ ಹೊಗಳಿದ್ದಾರೆ, ಯಾವ ಶೈಖ್ ಎಚ್ಚರಿಸಿದ್ದಾರೆ, ಹೊಗಳಿದವರನ್ನು ಹೊಗಳಿದವರು ಯಾರು. ಪತ್ರವಿದ್ದವರ ತಪ್ಪಿಗೆ ನೂರು ಸಮಜಾಯಿಷಿ, ಇಲ್ಲದವರ ಒಳ್ಳೆಯ ಕೆಲಸಕ್ಕೆ ನೂರು ಅನುಮಾನ. ಇನ್ನು ಒಬ್ಬರ ಹೆಸರು ಕೆಡಿಸಬೇಕೆಂದರೆ ಅರ್ಧ ನಿಮಿಷದ ಒಂದು ಆಡಿಯೊ ಸಾಕು: "ಇಂಥವರು ಅವನ ತಝ್ಕಿಯಾ ವಾಪಸ್ ತಗೊಂಡಿದ್ದಾರೆ." ವರ್ಷಗಟ್ಟಲೆ ಆ ಮನುಷ್ಯನ ಹಿಂದೆ ನಿಂತು ನಮಾಝ್ ಮಾಡಿದವರೇ ಮರುದಿನ ಸಲಾಮಿಗೆ ಉತ್ತರ ಕೊಡದೆ ಮುಖ ತಿರುಗಿಸುತ್ತಾರೆ. ಅಷ್ಟು ವರ್ಷ ಕಣ್ಣಾರೆ ಕಂಡದ್ದೆಲ್ಲ ಎಲ್ಲಿ ಹೋಯಿತು ಎಂದು ಯಾರೂ ಕೇಳುವುದಿಲ್ಲ.

ತಝ್ಕಿಯಾ ಎಂಬ ಪದಕ್ಕೆ ಎರಡು ಅರ್ಥವಿದೆ ಎಂದು ತಮಗೆ ನಾನು ಹೇಳಿಕೊಡಬೇಕಾಗಿಲ್ಲ. ಈ ಪತ್ರ ಓದುವ ಉಳಿದವರಿಗಾಗಿ ಹೇಳುತ್ತೇನೆ. ಒಂದು, ತನ್ನ ಅಂತರಂಗವನ್ನು ತಿಕ್ಕಿ ತೊಳೆದು ಶುದ್ಧ ಮಾಡಿಕೊಳ್ಳುವುದು. "ಅದನ್ನು ಶುದ್ಧಗೊಳಿಸಿದವನು ಗೆದ್ದ" ಎನ್ನುತ್ತದೆ ಕುರ್‌ಆನಿನ ಸೂರಾ ಅಶ್ಶಮ್ಸ್ (91:9). ಇನ್ನೊಂದು, ಒಬ್ಬರನ್ನು ಶುದ್ಧರೆಂದು ಸಾರುವುದು. ಅದೇ ಕ್ರಿಯಾಪದ ಸೂರಾ ಅನ್ನಜ್ಮ್‌ನಲ್ಲಿ ತಡೆಯಾಗಿ ಬರುತ್ತದೆ: "ನಿಮ್ಮನ್ನು ನೀವೇ ಶುದ್ಧರೆಂದು ಹೇಳಿಕೊಳ್ಳಬೇಡಿ, ಭಯಭಕ್ತಿಯುಳ್ಳವನು ಯಾರೆಂದು ಅವನೇ ಚೆನ್ನಾಗಿ ಬಲ್ಲ" (53:32). ಅಲ್ಲಿಂದ ಏಳು ವಚನ ಮುಂದೆ ಹೋದರೆ, "ಮನುಷ್ಯನಿಗೆ ಅವನು ಶ್ರಮಿಸಿದ್ದರ ಹೊರತು ಬೇರೇನೂ ಇಲ್ಲ" (53:39). ಕನ್ನಡದಲ್ಲಿ ಮಾಡಿದ್ದುಣ್ಣೋ ಮಹರಾಯ ಎನ್ನುವುದೂ ಸುಮಾರು ಇದನ್ನೇ.

ಕನ್ನಡದ ಮಾತು ಬಂತಲ್ಲ, ಒಂದು ತಮಾಷೆ ಹೇಳಿಬಿಡುತ್ತೇನೆ. ಅರಬಿಯ 'ಅಮಲ್' ಅಂದರೆ ಮಾಡಿದ ಕೆಲಸ. ಅದು ಫಾರ್ಸಿ, ಉರ್ದು ದಾಟಿ ನಮ್ಮಲ್ಲಿಗೆ ಬಂದು ಅಮಲ್ದಾರನಾಯಿತು, ಕಾನೂನಿನ ಅಮಲಾಯಿತು, ಕೊನೆಗೆ ತಲೆಗೇರುವ ಮತ್ತಿಗೂ ಅದೇ ಹೆಸರಾಯಿತು. ಹೊಗಳಿಕೆಯ ಅಮಲೇರಿದವರ ಮುಂದೆ ಅಮಲ್ ಬಗ್ಗೆ ಮಾತಾಡುವ ಕಷ್ಟ ಕನ್ನಡಿಗರಿಗೇ ಗೊತ್ತು.

ಈ ಎರಡು ಪದಗಳೂ, ತಝ್ಕಿಯಾ ಮತ್ತು ಅಮಲ್, ಒಂದೇ ಕಡೆ ಎದುರುಬದುರಾಗುವ ಒಂದು ಘಟನೆ, ಪ್ರವಾದಿಯವರ ನಡೆನುಡಿಯ ವರದಿಗಳ (ಹದೀಸುಗಳ) ಸಂಗ್ರಹವಾದ ಸಹೀಹ್ ಬುಖಾರಿಯಲ್ಲಿದೆ. ಹೇಳಿದವರು ಉಮ್ಮುಲ್ ಅಲಾ(ರ) ಎಂಬ, ಮದೀನಾದವರೇ ಆದ ಅನ್ಸಾರಿ ಮಹಿಳೆ. ಮಕ್ಕಾದಿಂದ ವಲಸೆ ಬಂದವರನ್ನು ಮದೀನಾದ ಮನೆಗಳಿಗೆ ಹಂಚಿದಾಗ ಉಸ್ಮಾನ್ ಬಿನ್ ಮಝ್‌ಊನ್(ರ) ಇವರ ಮನೆಯ ಪಾಲಿಗೆ ಬಂದರು. ಸಾಮಾನ್ಯರಲ್ಲ ಅವರು, ಧರ್ಮಕ್ಕಾಗಿ ಅಬಿಸೀನಿಯಾಕ್ಕೆ ವಲಸೆ ಹೋಗಿ ಬಂದವರು. ಕಾಯಿಲೆ ಬಿದ್ದರು, ಮನೆಯವರು ಆರೈಕೆ ಮಾಡಿದರು, ತೀರಿಕೊಂಡರು. ಕಫನ್ ಹೊದಿಸಿದ ಮೇಲೆ ಪ್ರವಾದಿ(ಸ) ಬಂದರು. ಉಮ್ಮುಲ್ ಅಲಾ ಮೃತರನ್ನೇ ಉದ್ದೇಶಿಸಿ, "ಅಬುಸ್ಸಾಇಬ್, ನಿಮ್ಮ ಮೇಲೆ ಅಲ್ಲಾಹನ ಕರುಣೆಯಿರಲಿ. ಅಲ್ಲಾಹ್ ನಿಮ್ಮನ್ನು ಗೌರವಿಸಿದ್ದಾನೆ ಎನ್ನುವುದಕ್ಕೆ ನಾನು ಸಾಕ್ಷಿ" ಎಂದರು. ಪ್ರವಾದಿ(ಸ) ಕೇಳಿದ್ದು ಇಷ್ಟೇ: "ಅಲ್ಲಾಹ್ ಅವರನ್ನು ಗೌರವಿಸಿದ್ದಾನೆಂದು ನಿಮಗೆ ಹೇಗೆ ಗೊತ್ತು?" ಅವರಿಗೆ ಒಳಿತಾಗಲೆಂದೇ ನನ್ನ ಆಶೆ ಎಂದರು, ಅಲ್ಲಾಹನ ಸಂದೇಶವಾಹಕನಾಗಿದ್ದರೂ ಮುಂದೇನೆಂದು ನನಗೂ ಗೊತ್ತಿಲ್ಲ ಎಂಬರ್ಥದ ಮಾತನ್ನೂ ಸೇರಿಸಿದರು.

ಯೋಚಿಸಿ ನೋಡಿ. ಆಕೆ ಅವರನ್ನು ದೂರದಿಂದ ಕಂಡವರಲ್ಲ. ಒಂದೇ ಸೂರಿನಡಿ ಇಟ್ಟುಕೊಂಡು ಅನ್ನ ಹಾಕಿದವರು, ಕೊನೆಯ ಕಾಯಿಲೆಯಲ್ಲಿ ಪಕ್ಕದಲ್ಲಿದ್ದವರು. ಅವರ ಸಾಕ್ಷಿಯೂ ಅಲ್ಲಾಹನ ತೀರ್ಪಿನ ಹೊಸ್ತಿಲು ದಾಟಲಿಲ್ಲ. "ಇನ್ನೆಂದೂ ಯಾರನ್ನೂ ನಾನು ತಝ್ಕಿಯಾ ಮಾಡುವುದಿಲ್ಲ" ಎಂದರು ಉಮ್ಮುಲ್ ಅಲಾ. ಮೂಲದಲ್ಲಿ ಬಳಸಿರುವುದು ಅದೇ ಕ್ರಿಯಾಪದ. ದುಃಖದಲ್ಲೇ ಮಲಗಿದ ಅವರಿಗೆ ಕನಸು ಬಿತ್ತು. ಉಸ್ಮಾನರ ಹೆಸರಿನಲ್ಲಿ ಹರಿಯುತ್ತಿರುವ ಒಂದು ನೀರಿನ ಚಿಲುಮೆ. ಹೋಗಿ ಹೇಳಿದಾಗ ಪ್ರವಾದಿ(ಸ) ಕೊಟ್ಟ ಉತ್ತರ: "ಅದು ಅವರ ಅಮಲ್."

ತಾವು ಪತ್ರಕ್ಕೆ ಸಹಿ ಹಾಕುವ ಮೊದಲು ಈ ಹದೀಸನ್ನು ಒಮ್ಮೆ ಓದುತ್ತೀರೋ ಇಲ್ಲವೋ ಎಂದು ಕೇಳುವ ಧೈರ್ಯ ನನಗಿಲ್ಲ. ಕೇಳಬೇಕು ಅನಿಸುತ್ತದೆ, ಅಷ್ಟೆ.

ಹಾಗೆಂದು ಯಾರ ಬಗ್ಗೆಯೂ ಒಳ್ಳೆಯ ಮಾತಾಡಲೇಬಾರದೇ? ಹಾಗೇನಿಲ್ಲ. ಒಬ್ಬರು ಇನ್ನೊಬ್ಬರನ್ನು ಎದುರಿಗೇ ಹೊಗಳಿದಾಗ ಪ್ರವಾದಿ(ಸ) "ನಿನ್ನ ಗೆಳೆಯನ ಕತ್ತು ಕೊಯ್ದೆಯಲ್ಲ" ಎಂದು ಮತ್ತೆ ಮತ್ತೆ ಹೇಳಿದರು, ಹೊಗಳಲೇಬೇಕಿದ್ದರೆ, ಅದು ತನಗೆ ಗೊತ್ತಿರುವ ವಿಷಯವೂ ಆಗಿದ್ದರೆ, ಹೇಗೆ ಹೇಳಬೇಕೆಂಬುದನ್ನೂ ಕಲಿಸಿದರು: "ಇಂಥವನು ಹೀಗೆಂದು ನಾನು ಭಾವಿಸುತ್ತೇನೆ, ಅವನ ಲೆಕ್ಕ ಅಲ್ಲಾಹನದು, ಅಲ್ಲಾಹನ ಮುಂದೆ ನಾನು ಯಾರನ್ನೂ ಶುದ್ಧರೆಂದು ಸಾರುವುದಿಲ್ಲ." ಬುಖಾರಿ, ಮುಸ್ಲಿಮ್ ಎಂಬ ಎರಡೂ ಹದೀಸ್ ಸಂಗ್ರಹಗಳಲ್ಲಿ ಇದು ಇದೆ. ಇಂದಿನ ಶಿಫಾರಸು ಪತ್ರಗಳ ಕೊನೆಯಲ್ಲಿ ಈ ವಾಕ್ಯ ಅರಬಿಯಲ್ಲಿ ಇದ್ದೇ ಇರುತ್ತದೆ. ಆದರೆ ಅದು ಈಗ ತಲೆಬರಹದಷ್ಟೇ ನಿರ್ಜೀವ. ಮೇಲಿನ ಹತ್ತು ಸಾಲಿನಲ್ಲಿ 'ಅಲ್ಲಾಮಾ', 'ಸುನ್ನತ್ತಿನ ಕೋಟೆ', 'ಬಿದ್‌ಅತ್ತಿನ ಬೇರು ಕಿತ್ತವರು' ಎಂದೆಲ್ಲ ಬರೆದ ಮೇಲೆ ಕೊನೆಯ ಸಾಲಿಗೆ ಉಳಿಯುವ ಕೆಲಸವಾದರೂ ಏನು?

ತಮ್ಮ ಕಡೆಯ ನ್ಯಾಯವನ್ನೂ ಹೇಳಬೇಕು. ತಝ್ಕಿಯಾ ಇಲ್ಲದಿದ್ದರೆ ಹದೀಸ್ ಶಾಸ್ತ್ರವೇ ಇರುತ್ತಿರಲಿಲ್ಲ. "ಈ ವಿದ್ಯೆಯೇ ಧರ್ಮ, ನಿಮ್ಮ ಧರ್ಮವನ್ನು ಯಾರಿಂದ ಪಡೆಯುತ್ತಿದ್ದೀರಿ ನೋಡಿಕೊಳ್ಳಿ" ಎಂದ ಇಬ್ನ್ ಸೀರೀನ್(ರಹ್) ಮಾತು ಸಹೀಹ್ ಮುಸ್ಲಿಮ್‌ನ ಮುನ್ನುಡಿಯಲ್ಲೇ ಇದೆ. ಆಂತರಿಕ ಕಲಹ ಶುರುವಾದ ಮೇಲೆ ಜನ "ನಿಮಗೆ ಹೇಳಿದವರ ಹೆಸರು ಹೇಳಿ" ಎಂದು ಕೇಳತೊಡಗಿದರು. ಹಾಗೆ ಹದೀಸನ್ನು ಬಾಯಿಂದ ಬಾಯಿಗೆ ದಾಟಿಸಿದ ಸಾವಿರಾರು ವರದಿಗಾರರ ನೆನಪಿನ ಶಕ್ತಿ, ಪ್ರಾಮಾಣಿಕತೆ ಎರಡನ್ನೂ ಒಬ್ಬೊಬ್ಬರಾಗಿ ತೂಗಿ ಬರೆದಿಟ್ಟ ಒಂದು ಶಾಸ್ತ್ರ ಬೆಳೆಯಿತು. ಇಮಾಮ್ ಮಾಲಿಕ್(ರಹ್) ಎಪ್ಪತ್ತು ಮಂದಿ ತನ್ನನ್ನು ಅರ್ಹನೆಂದು ಹೇಳುವ ತನಕ ಫತ್ವಾ ಕೊಡಲಿಲ್ಲ ಎನ್ನುತ್ತಾರೆ. ರೋಗಿಯಾದವನು ವೈದ್ಯರ ಪದವಿ ನೋಡುವ ಹಾಗೆ, ಕಲಿಯುವವನು ಕಲಿಸುವವರ ಸನದು ನೋಡಲೇಬೇಕು. ಇದರಲ್ಲಿ ಜಗಳವಿಲ್ಲ.

ಆದರೆ ಆ ಹಳೆಯ ತಕ್ಕಡಿ ತೂಗುತ್ತಿದ್ದದ್ದು ಏನನ್ನು? ಅದೇ ಮುನ್ನುಡಿಯಲ್ಲಿ ಅಬುಝ್ಝಿನಾದ್(ರಹ್) ಹೇಳುವುದು ಕೇಳಿ: ಮದೀನಾದಲ್ಲಿ ತಾನು ನೂರು ಮಂದಿಯನ್ನು ಕಂಡೆ, ಎಲ್ಲರೂ ನಂಬಿಕಸ್ಥರು, ಆದರೆ ಹದೀಸನ್ನು ಅವರಿಂದ ಪಡೆಯುವಂತಿರಲಿಲ್ಲ. ಅಂದರೆ ಒಬ್ಬರು ಹದೀಸಿಗೆ ಬೇಡವಾದರೂ ಒಳ್ಳೆಯ ಮನುಷ್ಯರಾಗಿರಬಹುದು. ಆಗಿನವರಿಗೆ ಈ ಗೆರೆ ಸ್ಪಷ್ಟವಾಗಿತ್ತು. ಇದು ವರದಿಯ ಲೆಕ್ಕ, ಮನುಷ್ಯನ ಲೆಕ್ಕ ಬೇರೆ ಕಡೆ ಇದೆ. ಹಿಜರಿ 327ರಲ್ಲಿ ತೀರಿಕೊಂಡ ಇಬ್ನ್ ಅಬೀ ಹಾತಿಮ್(ರಹ್), ವರದಿಗಾರರ ಗುಣದೋಷಗಳ ದೊಡ್ಡ ಗ್ರಂಥ ಬರೆದವರು, ಒಮ್ಮೆ ಶಿಷ್ಯರಿಗೆ ಅದನ್ನೇ ಓದಿ ಹೇಳುತ್ತಿದ್ದರಂತೆ. ಯಾರೋ ಯಹ್ಯಾ ಬಿನ್ ಮಈನ್(ರಹ್) ಮಾತನ್ನು ನೆನಪಿಸಿದರು: "ನಾವು ಕೆಲವರ ದೋಷ ಎಣಿಸುತ್ತೇವೆ, ಅವರೋ ಇನ್ನೂರು ವರ್ಷಗಳ ಹಿಂದೆಯೇ ಸ್ವರ್ಗದಲ್ಲಿ ಗಂಟುಮೂಟೆ ಇಳಿಸಿರಬಹುದು." ಅವರು ಅತ್ತರು, ಕೈ ನಡುಗಿ ಪುಸ್ತಕ ಜಾರಿತು ಎಂದು ಬರೆದಿದ್ದಾರೆ. ಇಂದು ಆಡಿಯೊ ಕಳಿಸುವ ಬೆರಳುಗಳು ನಡುಗುವುದಿಲ್ಲ.

ಅದೇ ಗ್ರಂಥದಲ್ಲಿ ಇನ್ನೊಂದು ಸಾಲಿದೆ, ಅದನ್ನು ಓದಿದಾಗ ನಾನು ದಂಗಾದೆ. ಇಬ್ನ್ ಅಬೀ ಹಾತಿಮರ ತಂದೆಯೂ ಅಬೂ ಝುರ್‌ಅರೂ ಒಬ್ಬರ ಹದೀಸನ್ನು ಕೈಬಿಟ್ಟರು ಎಂದು. ಯಾರದ್ದು? ಇಮಾಮ್ ಬುಖಾರಿಯದ್ದು! ನಡೆದದ್ದು ಹೀಗೆ. ಹಿಜರಿ 250ರ ಸುಮಾರಿಗೆ ಬುಖಾರಿ(ರಹ್) ನಿಶಾಪುರಕ್ಕೆ ಬಂದಾಗ ಅಲ್ಲಿನ ಹಿರಿಯ ವಿದ್ವಾಂಸ ಮುಹಮ್ಮದ್ ಬಿನ್ ಯಹ್ಯಾ ಅಝ್ಝುಹ್ಲೀ(ರಹ್) ತಾವೇ ಜನರಿಗೆ, ಈ ಸಜ್ಜನ ವಿದ್ವಾಂಸರ ಬಳಿ ಹೋಗಿ ಕೇಳಿ ಎಂದರು. ಜನ ಹೋದರು, ಅಝ್ಝುಹ್ಲೀಯವರ ಸಭೆ ತೆಳುವಾಗುವಷ್ಟು ಹೋದರು. ಆಮೇಲೆ ಕುರ್‌ಆನಿನ ಉಚ್ಚಾರಣೆಯ ಕುರಿತಾದ ಒಂದು ಸೂಕ್ಷ್ಮ ವಿಚಾರದಲ್ಲಿ ಬುಖಾರಿಯ ಮಾತನ್ನು ಹಿಡಿದು ದೊಡ್ಡ ಗದ್ದಲವೆದ್ದಿತು. ಹೊಗಳಿದ ಬಾಯಿಯೇ ಬಹಿಷ್ಕಾರ ಹಾಕಿತು: ಅವರ ಬಳಿ ಹೋಗುವವರು ನಮ್ಮ ಬಳಿ ಬರಬೇಡಿ. ದೂರದ ಊರಿಗೂ ಕಾಗದ ಹೋಯಿತು; ಅದನ್ನು ನಂಬಿ ಮೇಲೆ ಹೇಳಿದ ಆ ಇಬ್ಬರು ಮಹಾ ವಿದ್ವಾಂಸರು ಬುಖಾರಿಯನ್ನು ಬಿಟ್ಟರು. ನಿಶಾಪುರದಲ್ಲಿ ಅಝ್ಝುಹ್ಲೀಯವರ ಸಭೆಯಿಂದ ಎದ್ದು ಬಂದವರು ಸಹೀಹ್ ಮುಸ್ಲಿಮ್ ಸಂಗ್ರಹಿಸಿದ ಮುಸ್ಲಿಮ್ ಬಿನ್ ಹಜ್ಜಾಜ್(ರಹ್). ಅಝ್ಝುಹ್ಲೀಯಿಂದ ಬರೆದುಕೊಂಡಿದ್ದ ಟಿಪ್ಪಣಿಗಳನ್ನೆಲ್ಲ ಕಟ್ಟಿ, ಹಮಾಲಿಯ ಬೆನ್ನ ಮೇಲೆ ಹೊರಿಸಿ ಅವರ ಮನೆಗೇ ಕಳಿಸಿಬಿಟ್ಟರು.

ಬುಖಾರಿ ಹಿಜರಿ 256ರಲ್ಲಿ ಸಮರ್‌ಖಂದ್ ಹತ್ತಿರದ ಖರ್ತಂಕ್ ಎಂಬ ಹಳ್ಳಿಯಲ್ಲಿ ತೀರಿಕೊಂಡರು. ಅವರ ಗ್ರಂಥ ಉಳಿಯಿತು. ಅದನ್ನು ಉಳಿಸಿದ್ದು ಯಾರ ಶಿಫಾರಸು? ಅವರ ವಿರುದ್ಧ ಹೋದ ಪತ್ರಕ್ಕೆ ಆ ದಿನಗಳಲ್ಲಿ ಬೆಲೆ ಇತ್ತು. ಈ ಪ್ರಸಂಗದಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸುವುದು ಇನ್ನೊಂದು ವಿವರ: ತನ್ನನ್ನು ಹೊರಗಟ್ಟಿದ ಅದೇ ಅಝ್ಝುಹ್ಲೀಯಿಂದ ಕೇಳಿದ ಹದೀಸುಗಳನ್ನು ಬುಖಾರಿ ತಮ್ಮ ಸಹೀಹ್‌ನಿಂದ ಕಿತ್ತುಹಾಕಲಿಲ್ಲ. ಪೂರ್ಣ ಹೆಸರು ಹೇಳುವುದಿಲ್ಲ ನಿಜ, ಆದರೆ ಹದೀಸು ಅಲ್ಲೇ ಇದೆ. ಮನಸ್ಸಿಗೆ ನೋವಾದದ್ದು ಒಂದು ಕಡೆ, ವರದಿ ಖರೆಯಾದದ್ದು ಇನ್ನೊಂದು ಕಡೆ.

ಸಮಕಾಲೀನರು ಒಬ್ಬರ ಮೇಲೊಬ್ಬರು ಆಡಿದ ಮಾತನ್ನು ಮಡಚಿಡಬೇಕು, ಹರಡಬಾರದು ಎಂಬ ನಿಯಮ ಹುಟ್ಟಿದ್ದು ಇಂಥ ಅನುಭವಗಳಿಂದಲೇ. ಇಬ್ನ್ ಅಬ್ದುಲ್ ಬರ್(ರಹ್) ಈ ವಿಷಯಕ್ಕೇ ಒಂದು ಅಧ್ಯಾಯ ಮೀಸಲಿಟ್ಟು, ಇಬ್ನ್ ಅಬ್ಬಾಸ್(ರ) ಹೆಸರಿನಲ್ಲಿ ಒಂದು ಮಾತು ದಾಖಲಿಸಿದ್ದಾರೆ: ವಿದ್ವಾಂಸರ ವಿದ್ಯೆಯನ್ನು ಕೇಳಿ, ಅವರು ಒಬ್ಬರ ಮೇಲೊಬ್ಬರು ಹೇಳುವುದನ್ನು ನಂಬಬೇಡಿ; ಕೊಟ್ಟಿಗೆಯ ಹೋತಗಳಿಗಿಂತ ಹೆಚ್ಚು ಹೊಟ್ಟೆಕಿಚ್ಚು ಅವರಿಗೆ. ಹೋತದ ಉಪಮೆ ನನ್ನದಲ್ಲ ಎಂದು ತಾವು ದಯವಿಟ್ಟು ಗಮನಿಸಬೇಕು.

ಈಗ ನನ್ನದೇ ಒಂದು ಕಥೆ. ಹಲವು ವರ್ಷಗಳ ಹಿಂದೆ ಒಬ್ಬರೊಡನೆ ವ್ಯಾಪಾರದಲ್ಲಿ ಪಾಲುದಾರನಾದೆ. ಅವರ ಬಳಿ ಒಬ್ಬ ದೊಡ್ಡ ವಿದ್ವಾಂಸರ ಪತ್ರವಿತ್ತು, ಮೊಹರು ಸಮೇತ. ನಾನು ಕರಾರು ಸಹ ಬರೆಸಲಿಲ್ಲ; ಅಂಥವರ ಮುಂದೆ ಕರಾರಿನ ಮಾತೆತ್ತುವುದೇ ಬೇಅದಬಿ ಅನಿಸಿತ್ತು. ಕುರ್‌ಆನಿನ ಅತ್ಯಂತ ದೀರ್ಘ ವಚನವನ್ನು ಸಾಲದ ವ್ಯವಹಾರ ಬರೆದಿಡಿ ಎನ್ನುವುದಕ್ಕೇ ಅಲ್ಲಾಹ್ ಕೊಟ್ಟಿದ್ದಾನೆ (2:282). ಅದು ಆಮೇಲೆ ನೆನಪಾಯಿತು. ಹಣ ಹೋಯಿತು. ಪತ್ರ ಕೊಟ್ಟವರನ್ನು ಹುಡುಕಿಕೊಂಡು ಹೋಗಿ ಕೇಳಿದೆ. ಒಮ್ಮೆ ಒಂದು ಸಭೆಯಲ್ಲಿ ಭೇಟಿಯಾಗಿದ್ದರು, ಯಾರೋ ಕೇಳಿದರು, ಬರೆದುಕೊಟ್ಟೆ ಎಂದರು. ಅವರ ಮೇಲೆ ತುಂಬ ದಿನ ಸಿಟ್ಟಿತ್ತು. ಆಮೇಲೆ ಯೋಚಿಸಿದೆ, ಪಾಲುದಾರರ ಪಕ್ಕದ ಮನೆಯವರನ್ನು ನಾನಾದರೂ ಒಂದು ಮಾತು ಕೇಳಿದ್ದೆನೇ? ಕೇಳಿರಲಿಲ್ಲ. ಪತ್ರ ನನ್ನ ಸೋಮಾರಿತನಕ್ಕೆ ಸಿಕ್ಕ ಒಳ್ಳೆಯ ನೆಪವಾಗಿತ್ತು.

ಎರಡನೆಯ ಖಲೀಫ ಉಮರ್(ರ) ಮುಂದೆ ಒಬ್ಬ ಸಾಕ್ಷಿ ಹೇಳಲು ಬಂದ ಪ್ರಸಂಗ ಬೈಹಕೀಯವರ ಹದೀಸ್ ಸಂಗ್ರಹದಲ್ಲಿದೆ. ನೀನು ಯಾರೆಂದು ನನಗೆ ಗೊತ್ತಿಲ್ಲ, ಗೊತ್ತಿರುವವರನ್ನು ಕರೆದು ತಾ ಎಂದರು. ಅಲ್ಲಿದ್ದ ಒಬ್ಬ, ನನಗೆ ಗೊತ್ತು, ಒಳ್ಳೆಯವನು ಎಂದ. ಅವನ ಹಗಲು ರಾತ್ರಿ, ಹೋಗುವುದು ಬರುವುದು ಕಾಣುವ ಪಕ್ಕದ ಮನೆಯವನೇ ನೀನು? ಅಲ್ಲ. ಅವನ ಜೊತೆ ದೀನಾರ್ ದಿರ್ಹಮ್‌ನ ವ್ಯವಹಾರ ಮಾಡಿದ್ದೀಯಾ? ಇಲ್ಲ. ಜೊತೆಗೆ ಪ್ರಯಾಣ ಮಾಡಿದ್ದೀಯಾ? ಇಲ್ಲ. "ಹಾಗಾದರೆ ನಿನಗೆ ಅವನು ಗೊತ್ತಿಲ್ಲ." ಯಾವ ಕಿತಾಬು ಓದಿದ್ದಾನೆ, ಯಾರ ಶಿಷ್ಯ, ಯಾರು ಹೊಗಳಿದ್ದಾರೆ ಎಂಬ ಪ್ರಶ್ನೆಗಳು ಆ ಮೂರರಲ್ಲಿ ಇರಲಿಲ್ಲ. ಮನುಷ್ಯನ ಒಳಗು ಹೊರಬೀಳುವ ಮೂರು ಜಾಗಗಳನ್ನು ಉಮರ್ ಆರಿಸಿಕೊಂಡರು: ಮನೆ, ಹಣ, ದಾರಿ. ಇವತ್ತಿನ ಯಾವ ತಝ್ಕಿಯಾದಲ್ಲಾದರೂ "ಇವರು ಸಾಲ ಹೇಳಿದ ದಿನ ತೀರಿಸುತ್ತಾರೆ" ಎಂಬ ವಾಕ್ಯ ನೋಡಿದ್ದೀರಾ?

ಶಿಫಾರಸಿನ ಇನ್ನೊಂದು ರೂಪ ಫತ್ವಾವನ್ನು ಗುರಾಣಿ ಮಾಡಿಕೊಳ್ಳುವುದು. ತಪ್ಪೆಂದು ಒಳಗೆ ಗೊತ್ತಿರುತ್ತದೆ. ಅನುಕೂಲದ ಫತ್ವಾ ಕೊಡುವವರೊಬ್ಬರನ್ನು ಹುಡುಕಿ, "ನನ್ನದೇನಿದೆ, ಪಾಪ ಅವರ ಕೊರಳಿಗೆ" ಎಂದು ಕೈ ತೊಳೆದುಕೊಳ್ಳುವುದು. ತಂಗಿಯ ಪಾಲಿನ ಆಸ್ತಿ ನುಂಗಿದವರು ಹೀಗೆ ಹೇಳುವುದನ್ನು ಕೇಳಿದ್ದೇನೆ. ಅವರಿಗೆ ಪ್ರವಾದಿ(ಸ) ನ್ಯಾಯಪೀಠದ ಬಗ್ಗೆ ಹೇಳಿದ್ದು ಸಾಕು: ನಾನೂ ಮನುಷ್ಯನೇ, ನಿಮ್ಮಲ್ಲಿ ಒಬ್ಬನು ವಾದದಲ್ಲಿ ಇನ್ನೊಬ್ಬನಿಗಿಂತ ಚತುರನಿರಬಹುದು, ಕೇಳಿದ್ದರ ಮೇಲೆ ನಾನು ತೀರ್ಪು ಕೊಟ್ಟು, ಒಬ್ಬನಿಗೆ ಅವನ ಸಹೋದರನ ಹಕ್ಕು ಹೋಗಿಬಿಟ್ಟರೆ ಅವನು ತೆಗೆದುಕೊಳ್ಳದಿರಲಿ, ನಾನು ಕತ್ತರಿಸಿ ಕೊಟ್ಟದ್ದು ಬೆಂಕಿಯ ತುಂಡು. ಪ್ರವಾದಿಯವರ ಬಾಯಿಂದ ಬಂದ ತೀರ್ಪೇ ಅನ್ಯಾಯದ ಸ್ವತ್ತನ್ನು ಹಲಾಲ್ ಮಾಡದಿದ್ದಾಗ, ಯಾರ ಮೊಹರು ಮಾಡೀತು?

ಇಷ್ಟು ಹೇಳಿದಾಗ ಕೆಲವರು ಖುಷಿಯಿಂದ, "ಹಾಗಾದರೆ ಉಲಮಾಗಳೇ ಬೇಡ, ನಮ್ಮ ಮನಸ್ಸೇ ಸಾಕು" ಎನ್ನುತ್ತಾರೆ. ಅವರ ಜೊತೆ ನಾನಿಲ್ಲ. ಗೊತ್ತಿಲ್ಲದಿದ್ದರೆ ಬಲ್ಲವರನ್ನು ಕೇಳಿ ಎನ್ನುವುದೂ ಕುರ್‌ಆನಿನದೇ ಆಜ್ಞೆ (16:43). ಕೇಳಬೇಕು. ಕೇಳಿದ ಮೇಲೆ ಮಾಡುವವನು ನಾನು, ಉತ್ತರ ಹೇಳುವವನೂ ನಾನು. ನಾನು ಮಾಡಿದ್ದೇ ನನ್ನನ್ನು ದಡ ಸೇರಿಸುತ್ತದೆ ಎಂಬ ಅಹಂಕಾರಕ್ಕೂ ಇಲ್ಲಿ ಜಾಗವಿಲ್ಲ. ಅಲ್ಲಾಹನ ಕರುಣೆ ಆವರಿಸದೆ ಯಾರನ್ನೂ ಅವರ ಕರ್ಮವೊಂದೇ ಸ್ವರ್ಗಕ್ಕೆ ಒಯ್ಯದು, ನನ್ನನ್ನೂ ಸಹ ಎಂದವರು ಪ್ರವಾದಿ(ಸ).

ಆದರೂ ಹದೀಸಿನ ಕಥೆಯೊಂದರಲ್ಲಿ ಗವಿಯ ಬಾಯಿ ಬಂಡೆಯಿಂದ ಮುಚ್ಚಿದಾಗ, ಒಳಗೆ ಸಿಕ್ಕಿಬಿದ್ದು ತಾವು ಮಾಡಿದ ಒಂದೊಂದು ಒಳ್ಳೆಯ ಕೆಲಸ ಹೇಳಿ ಅಲ್ಲಾಹನನ್ನು ಬೇಡಿಕೊಂಡ ಮೂವರು ನೆನಪಾಗುತ್ತಾರೆ. ಒಬ್ಬ ಮುದಿ ತಂದೆತಾಯಿ ಏಳುವ ತನಕ ಹಾಲಿನ ಪಾತ್ರೆ ಹಿಡಿದು ಬೆಳಗಿನವರೆಗೆ ನಿಂತದ್ದನ್ನು ಹೇಳಿಕೊಂಡ. ಇನ್ನೊಬ್ಬ ಅಲ್ಲಾಹನ ಭಯಕ್ಕೆ ಬಯಸಿದವಳನ್ನು ಬಿಟ್ಟು ಎದ್ದದ್ದನ್ನು. ಮೂರನೆಯವ ಕೂಲಿ ಬಿಟ್ಟು ಹೋದ ಆಳಿನ ಹಣವನ್ನು ಬೆಳೆಸಿ, ಅವನು ಮರಳಿ ಬಂದಾಗ ಆದದ್ದೆಲ್ಲವನ್ನೂ ಹೊಡೆದುಕೊಂಡು ಹೋಗಲು ಬಿಟ್ಟದ್ದನ್ನು. ಬಂಡೆ ಪ್ರತಿ ಸಲವೂ ಸ್ವಲ್ಪ ಸರಿಯಿತು. ಮೂರೂ ಮನೆಯೊಳಗಿನ, ಕತ್ತಲಿನ, ಲೆಕ್ಕಪತ್ರದ ಕೆಲಸಗಳು. ಯಾರ ಕಣ್ಣಿಗೂ ಬೀಳದವು. ಯಾವ ಪತ್ರದಲ್ಲೂ ಬರೆಯಲಾಗದವು.

ಹಿರಿಯರೇ, ತಮ್ಮಿಂದ ಕೇಳುವುದು ದೊಡ್ಡದೇನಲ್ಲ. ಬರೆಯುವುದಾದರೆ ಕಂಡಷ್ಟನ್ನೇ ಬರೆಯಿರಿ: ಇಂಥ ಕಿತಾಬನ್ನು ನನ್ನ ಬಳಿ ಇಷ್ಟು ಕಾಲ ಓದಿದ್ದಾರೆ, ಇದನ್ನು ಕಲಿಸಬಲ್ಲರು, ಉಳಿದದ್ದು ನನಗೆ ತಿಳಿಯದು. ನಲವತ್ತೆಂಟು ಪ್ರಶ್ನೆ ಬಂದಾಗ ಮೂವತ್ತೆರಡಕ್ಕೆ ಗೊತ್ತಿಲ್ಲ ಎಂದರೆಂದು ವರದಿಯಾಗಿರುವ ಮಾಲಿಕರ ಘನತೆ ಅದರಿಂದ ಕುಗ್ಗಲಿಲ್ಲ. ಒಮ್ಮೆ ಮಾತ್ರ ಭೇಟಿಯಾದವರಿಗೆ ಬರೆಯಬೇಡಿ. ಹಿಂದಕ್ಕೆ ಪಡೆಯಬೇಕಾದರೆ ಆ ಮನುಷ್ಯನನ್ನು ಮೊದಲು ಕರೆದು ಕೇಳಿ, ಕಾರಣವನ್ನು ಅವನ ಮುಂದೆಯೇ ಹೇಳಿ, ಆಡಿಯೊ ಬೇಡ. ನಮ್ಮಂಥವರು ಪತ್ರ ಕೇಳಿಕೊಂಡು ಬಂದರೆ ಉಮರ್ ಕೇಳಿದ ಮೂರು ಪ್ರಶ್ನೆ ಕೇಳಿ ವಾಪಸ್ ಕಳಿಸಿ. ಬೈದುಕೊಳ್ಳುತ್ತೇವೆ, ಪರವಾಗಿಲ್ಲ.

ಒಂದು ಶಿಫಾರಸು ಪತ್ರ ಬರೆಯದೇ ಉಳಿದ ಕಥೆ ಸಹೀಹ್ ಮುಸ್ಲಿಮ್‌ನಲ್ಲಿದೆ, ತಾವು ಎಷ್ಟೋ ಸಲ ಮಿಂಬರ್ ಮೇಲಿಂದ ಹೇಳಿದ್ದೀರಿ. ಯಮನಿನಿಂದ ಬಂದ ಉವೈಸ್ ಅಲ್‌ಖರನೀಯನ್ನು ಉಮರ್(ರ) ಹುಡುಕಿ ಹಿಡಿದರು. ತಾಯಿಯ ಸೇವೆ ಮಾಡುವ ಇಂಥವನೊಬ್ಬ ಬರುತ್ತಾನೆ, ಸಾಧ್ಯವಾದರೆ ನಿಮಗಾಗಿ ಕ್ಷಮೆ ಬೇಡಲು ಅವನಿಗೆ ಹೇಳಿ ಎಂದು ಪ್ರವಾದಿ(ಸ) ಹೇಳಿಹೋಗಿದ್ದರು. ಖಲೀಫರೇ ಅವನ ಮುಂದೆ ನಿಂತು ನನಗಾಗಿ ಪ್ರಾರ್ಥಿಸು ಎಂದರು. ಎಲ್ಲಿಗೆ ಹೊರಟಿದ್ದೀಯ? ಕೂಫಾಕ್ಕೆ. ಅಲ್ಲಿನ ಗವರ್ನರ್‌ಗೆ ನಿನ್ನ ಬಗ್ಗೆ ಒಂದು ಪತ್ರ ಬರೆದುಕೊಡಲೇ? ಬೇಡ, ಯಾರ ಗಮನಕ್ಕೂ ಬಾರದ ಬಡಪಾಯಿಗಳ ನಡುವೆ ಇರುವುದೇ ನನಗಿಷ್ಟ ಎಂದರು ಉವೈಸ್. ಮರುವರ್ಷ ಹಜ್ಜಿಗೆ ಬಂದ ಕೂಫಾದ ಗಣ್ಯನೊಬ್ಬನಿಂದ ಉಮರ್, ಉವೈಸ್‌ರ ಸುದ್ದಿ ಕೇಳಿದರು. ಹರಕು ಮನೆ, ಎರಡು ಸಾಮಾನು ಎಂದನಾತ. ಉಮರ್ ಅವನಿಗೆ ಪ್ರವಾದಿಯವರ ಮಾತನ್ನು ಹೇಳಿದರು. ಅವನು ಊರಿಗೆ ಹೋಗಿ ಉವೈಸ್‌ರ ಬಳಿ ಪ್ರಾರ್ಥನೆ ಕೇಳಿದ. ಜನಕ್ಕೆ ಗುರುತು ಹತ್ತಿತು. ಉವೈಸ್ ಅಲ್ಲಿಂದ ಎದ್ದು ಹೊರಟುಹೋದರು.

ವಸ್ಸಲಾಮು ಅಲೈಕುಮ್.

ಇತಿ,
ತಮ್ಮ ಹಿಂದಿನ ಸಾಲಿನಲ್ಲಿ ನಮಾಝಿಗೆ ನಿಲ್ಲುವ ಒಬ್ಬ